ಪಿತ್ತದ ಕಲ್ಲಿನ ವಿಷಯವಾದ ಪಾಠ: ಹಿಮಾಲಯದ ಗುಡ್ಡಗಾಡಿನವರ ಒಂದು ಬೇನೆ

ಕೋಳಿಯನ್ನು ಕೊಯ್ದು ಹಸನು ಮಾಡುವ ಯಾವ ಮನೆಯಾಕೆಯಾದರೂ ಪಿತ್ತದ ಚೀಲವನ್ನು ಬಲ್ಲಳು. ಈಲಿಯ ಅಡಿಯಲ್ಲಿ ಅಂಟಿಕೊಂಡಿರುವ ಆ ಹಸುರು ಚೀಲವನ್ನು ಆಕೆ ಎರಡು ಬೆರಳುಗಳಿಂದ ಮೆಲ್ಲಗೆ ಬಿಡಿಸಿ ಎಸೆದುಬಿಡುವಳು. ಯಾಕಂದರೆ ಅದು ಒಡೆದುಹೋದರೆ ಮಾಂಸವೆಲ್ಲಾ ಕಹಿಯಾಗುವದು. ದನಗಳ ಪಿತ್ತದ ಚೀಲದೊಳಗೆ ಕೆಲವು ಸಾರಿ ಹಳದಿ ಬಣ್ಣದ ಗಟ್ಟಿಯೊಂದು ಸಿಕ್ಕುವದುಂಟು. ಅದನ್ನೇ ನಮ್ಮ ಹಿರಿಯರು ಗೋರೋಚನವೆಂದು ಕರೆದು, ತೇಯ್ದು ಮಕ್ಕಳ ಮದ್ದಿಗೆ ಸೇರಿಸುತ್ತಿದ್ದರು. ಹೀಗಿರಲಾಗಿ ಪಿತ್ತದಲ್ಲಿ ಕಲ್ಲು ಹುಟ್ಟುತ್ತದೆಂಬ ಮಾತು ನಮಗೆ ಹೊಸದಲ್ಲ. ಆದರೆ ಅಂಥದೇ ಕಲ್ಲು ಮನುಷ್ಯರ ಹೊಟ್ಟೆಯೊಳಗೂ ಹುಟ್ಟುವದು, ವರುಷಗಟ್ಟಳೆ ಸುಮ್ಮನೆ ಬಿದ್ದುಕೊಂಡಿದ್ದು ಒಂದು ರಾತ್ರಿ ಪ್ರಾಣಕ್ಕೇ ಸಂಚಕಾರವಾಗಿ ಏಳುವದು ಎಂಬ ಸಂಗತಿಯನ್ನು ಅನೇಕರು ವೈದ್ಯನ ಬಾಯಿಂದ ಕೇಳುವ ತನಕ ಅರಿಯರು. ಈ ತಿಂಗಳ ಪಾಠದಲ್ಲಿ ನಾವು ಈ ಬೇನೆಯನ್ನು, ವಿಶೇಷವಾಗಿ ಅದು ಬಹಳವಾಗಿ ಕಾಣುವ ಹಿಮಾಲಯದ ಸೀಮೆಗಳನ್ನು ಮುಂದಿಟ್ಟುಕೊಂಡು, ವಿಚಾರಿಸುವೆವು.

ಮೊದಲು ಪಿತ್ತಕೋಶವೆಂದರೇನೆಂದು ತಿಳಿಯಬೇಕು. ನಮ್ಮ ದೇಹದ ಬಲಗಡೆಯಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ, ಯಕೃತ್ತು ಅಂದರೆ ಈಲಿ ಇರುವದು. ಅದು ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನ ವರೆಗೆ ಪಿತ್ತರಸವನ್ನು ಉತ್ಪತ್ತಿ ಮಾಡುತ್ತದೆ. ನಾವು ತಿಂದ ಎಣ್ಣೆ, ತುಪ್ಪ, ಕೊಬ್ಬುಗಳನ್ನು ಕರಗಿಸಿ ಕರುಳು ಹೀರಿಕೊಳ್ಳುವಂತೆ ಮಾಡುವದು ಈ ರಸದ ಕೆಲಸ. ಊಟವಿಲ್ಲದ ಹೊತ್ತಿನಲ್ಲಿ ಈ ರಸದ ಬಹುಭಾಗವು ವ್ಯರ್ಥವಾಗಿ ಹರಿದುಹೋಗದಂತೆ ಒಂದು ಚಿಕ್ಕ ಚೀಲದಲ್ಲಿ ಕೂಡಿಡಲ್ಪಡುವದು. ಅದೇ ಪಿತ್ತಕೋಶ. ಅದರಲ್ಲಿ ಹಿಡಿಸುವದು ಬರೇ ಮೂವತ್ತರಿಂದ ಐವತ್ತು ಮಿಲಿಲೀಟರು, ಅಂದರೆ ಎರಡು ಮೂರು ದೊಡ್ಡ ಚಮಚೆಯಷ್ಟು. ಆದರೂ ಅದು ನೀರನ್ನು ಹೀರಿ ರಸವನ್ನು ಹಲವು ಪಟ್ಟು ಗಟ್ಟಿ ಮಾಡಿಡುವದರಿಂದ ಆ ಸ್ವಲ್ಪವೇ ಸಾಕಾಗುತ್ತದೆ. ಎಣ್ಣೆಯ ಊಟವು ಹೊಟ್ಟೆಯನ್ನು ದಾಟಿ ಕರುಳಿಗೆ ಬಂದೊಡನೆ ಚೀಲವು ಮುದುಡಿಕೊಂಡು ತನ್ನ ರಸವನ್ನು ಸಣ್ಣ ನಾಳದ ಮೂಲಕ ಕರುಳಿಗೆ ಸುರಿಯುವದು.

ಇನ್ನು ಕಲ್ಲು ಹುಟ್ಟುವ ಕ್ರಮವನ್ನು ನೋಡೋಣ. ಪಿತ್ತರಸದಲ್ಲಿ ಕೊಲೆಸ್ಟರಾಲ್ ಎಂಬ ಮೇಣದಂಥ ವಸ್ತುವಿದೆ. ಅದು ನೀರಿನಲ್ಲಿ ಕರಗದು. ಎಣ್ಣೆ ಹಿಡಿದ ಪಾತ್ರೆಗೆ ಅಂಟುವಾಳದ ನೊರೆಯನ್ನು ಹಾಕಿದರೆ ಜಿಡ್ಡು ನೀರಿನೊಡನೆ ಬೆರೆತು ಬರುವದಲ್ಲವೇ? ಹಾಗೆಯೇ ಪಿತ್ತದ ಲವಣಗಳೂ ಲೆಸಿಥಿನ್ ಎಂಬ ಇನ್ನೊಂದು ವಸ್ತುವೂ ಕೊಲೆಸ್ಟರಾಲನ್ನು ಕರಗಿಸಿ ಹಿಡಿದಿರುತ್ತವೆ. ಜಿಡ್ಡು ಹೆಚ್ಚಾಗಿ ನೊರೆ ಕಡಿಮೆಯಾದರೆ ಕರಗದೆ ಉಳಿದದ್ದು ಹರಳಾಗುವದು. ಬಿಸಿ ಸಕ್ಕರೆಯ ಪಾಕದಲ್ಲಿ ದಾರವನ್ನು ಇಳಿಬಿಟ್ಟು ಅಲ್ಲಾಡಿಸದೆ ಇಟ್ಟರೆ ಕಲ್ಲುಸಕ್ಕರೆ ಕಟ್ಟುವ ಹಾಗೆ, ಚೀಲವು ಚೆನ್ನಾಗಿ ಮುದುಡಿ ಬರಿದಾಗದೆ ರಸವು ಅದರಲ್ಲೇ ನಿಂತರೆ ಹರಳುಗಳು ಒಂದಕ್ಕೊಂದು ಸೇರಿ ಕಲ್ಲಾಗುತ್ತವೆ. ಕೆಲವರಲ್ಲಿ ಒಂದೇ ಕಲ್ಲು ಕೋಳಿಮೊಟ್ಟೆಯ ಗಾತ್ರಕ್ಕೆ ಬೆಳೆಯುವದು. ಕೆಲವರಲ್ಲಿ ಸಾಸಿವೆಯಂಥ ನೂರಾರು ಕಲ್ಲುಗಳಿರುವವು. ದೊಡ್ಡ ಕಲ್ಲೇ ಹೆಚ್ಚು ಅಪಾಯವೆಂದು ಎಣಿಸಬಾರದು. ನಾಳಕ್ಕೆ ಜಾರಿ ಸಿಕ್ಕಿಕೊಳ್ಳುವದು ಹೆಚ್ಚಾಗಿ ಚಿಕ್ಕದೇ.

ಈ ಕೊಲೆಸ್ಟರಾಲಿನ ಹಳದಿ ಕಲ್ಲಲ್ಲದೆ ಬೇರೆ ಎರಡು ಜಾತಿಗಳುಂಟು. ರಕ್ತದ ಕೆಂಪು ಕಣಗಳು ಬೇಗಬೇಗನೆ ಒಡೆದುಹೋಗುವ ಬೇನೆಯವರಲ್ಲಿ ಅವುಗಳ ಬಣ್ಣವು ಪಿತ್ತದಲ್ಲಿ ಸೇರಿ ಕಪ್ಪು ಕಲ್ಲು ಕಟ್ಟುವದು. ಪಿತ್ತದ ನಾಳದಲ್ಲಿ ಸೋಂಕು ತಗಲಿದಲ್ಲಿ ಅಥವಾ ಹುಳು ಹೊಕ್ಕಲ್ಲಿ ಕಂದು ಬಣ್ಣದ ಮೆತ್ತನೆಯ ಕಲ್ಲು ಕಟ್ಟುವದು. ಈ ಎರಡರ ವಿಷಯವಾಗಿ ಮುಂದೆ ಹೇಳುವೆವು. ಸುಣ್ಣದ ನೀರು ಕುಡಿದದ್ದರಿಂದ ಅಥವಾ ಅನ್ನದಲ್ಲಿ ಕಲ್ಲು ಮರಳು ನುಂಗಿದ್ದರಿಂದ ಈ ಬೇನೆ ಬರುತ್ತದೆಂಬ ಮಾತು ಮಾತ್ರ ನಿಜವಲ್ಲ. ನುಂಗಿದ ಕಲ್ಲು ಪಿತ್ತಕೋಶಕ್ಕೆ ಹೋಗುವ ದಾರಿಯೇ ಇಲ್ಲ.

ಇದು ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಸ್ತ್ರೀಯರ ದೇಹದಲ್ಲಿ ಹುಟ್ಟುವ ಈಸ್ಟ್ರೋಜೆನ್ ಎಂಬ ರಸವು ಪಿತ್ತದಲ್ಲಿ ಕೊಲೆಸ್ಟರಾಲನ್ನು ಹೆಚ್ಚಿಸುವದು. ಬಸುರಿನ ಕಾಲದಲ್ಲಿ ಪಿತ್ತಕೋಶವು ಸಡಿಲಗೊಂಡು ಸರಿಯಾಗಿ ಮುದುಡದು. ಆದಕಾರಣ ಹೆಚ್ಚು ಸಾರಿ ಹೆತ್ತ ತಾಯಂದಿರಲ್ಲಿ ಕಲ್ಲು ಹೆಚ್ಚಾಗಿ ಕಾಣುವದು. ವಯಸ್ಸು, ಮೈಯ ಬೊಜ್ಜು, ಸಕ್ಕರೆ ಬೇನೆ, ದೀರ್ಘವಾದ ಉಪವಾಸ, ಮೈ ಒಮ್ಮೆಲೇ ಬಹಳ ಇಳಿದುಹೋಗುವದು, ತಾಯಿತಂದೆಗಳಿಂದ ಬಂದ ವಂಶದ ಗುಣ, ಇವೂ ಕಾರಣಗಳೇ. ಇದು ತುಪ್ಪ ತಿನ್ನುವ ಸ್ಥಿತಿವಂತರ ಬೇನೆ, ಬಡವರಿಗೆ ಬಾರದು ಎಂದು ಹೇಳುವವರುಂಟು. ಹುಲ್ಲಿನ ಹೊರೆ ಹೊತ್ತು ಬೆಟ್ಟ ಹತ್ತಿಳಿಯುವ, ಮೈಯಲ್ಲಿ ಒಂದು ಹಿಡಿ ಕೊಬ್ಬಿಲ್ಲದ ಹೆಂಗಸರ ಪಿತ್ತಕೋಶದಿಂದ ಶಸ್ತ್ರವೈದ್ಯರು ಕಲ್ಲುಗಳನ್ನು ತೆಗೆದಿರುವಾಗ ಆ ಮಾತನ್ನು ನಾವು ನಂಬಲಾರೆವು.

ನಮ್ಮ ದೇಶದಲ್ಲಿ ಈ ಬೇನೆಯು ಎಲ್ಲಾ ಕಡೆಯಲ್ಲಿಯೂ ಸಮನಾಗಿ ಹರಡಿಲ್ಲ. ಮಲ್ಹೋತ್ರಾ ಎಂಬ ವೈದ್ಯರು ರೈಲ್ವೆಯ ಕೆಲಸಗಾರರನ್ನು ಕುರಿತು ೧೯೬೮ರಲ್ಲಿ ಪ್ರಕಟಿಸಿದ ಲೇಖದಲ್ಲಿ, ದಕ್ಷಿಣದವರಿಗಿಂತ ಉತ್ತರದವರಲ್ಲಿ ಪಿತ್ತದ ಕಲ್ಲು ಏಳು ಪಟ್ಟು ಹೆಚ್ಚೆಂದು ತೋರಿಸಿದರು. ಒಂದೇ ಕಂಪೆನಿಯ ಕೆಲಸ, ಒಂದೇ ತರದ ದವಾಖಾನೆ, ಆದರೂ ಇಷ್ಟು ಭೇದ! ಕಲ್ಲಿನ ಜಾತಿಯಲ್ಲಿಯೂ ಭೇದವಿದೆ: ಉತ್ತರದಲ್ಲಿ ಕೊಲೆಸ್ಟರಾಲಿನ ಕಲ್ಲು ಹೆಚ್ಚು, ದಕ್ಷಿಣದಲ್ಲಿ ಬಣ್ಣದ ಕಲ್ಲು ಹೆಚ್ಚು. ಹಿಮಾಲಯದ ಕಾಶ್ಮೀರದಲ್ಲಿ ಡಾಕ್ಟರ್ ಮಹಮ್ಮದ್ ಸುಲ್ತಾನ್ ಖುರೂ ಎಂಬವರೂ ಅವರ ಜತೆಗಾರರೂ ಸಾವಿರಕ್ಕಿಂತ ಹೆಚ್ಚು ಮಂದಿ ವಯಸ್ಕರ ಹೊಟ್ಟೆಯನ್ನು ಅಲ್ಟ್ರಾಸೌಂಡ್ ಯಂತ್ರದಿಂದ ಪರೀಕ್ಷಿಸಿ ೧೯೮೯ರಲ್ಲಿ ಅದರ ಲೆಕ್ಕವನ್ನು ಪ್ರಕಟಿಸಿದರು. ಒಟ್ಟಿನಲ್ಲಿ ನೂರಕ್ಕೆ ಆರು ಮಂದಿಗೆ ಕಲ್ಲಿತ್ತು. ಗಂಡಸರಲ್ಲಿ ನೂರಕ್ಕೆ ಮೂವರು, ಹೆಂಗಸರಲ್ಲಿ ನೂರಕ್ಕೆ ಹತ್ತಕ್ಕೆ ಸಮೀಪ. ಇವರೆಲ್ಲರೂ ದವಾಖಾನೆಗೆ ಬಂದ ರೋಗಿಗಳಲ್ಲ, ತಮ್ಮ ಪಾಡಿಗೆ ಇದ್ದ ಜನರು ಎಂಬದನ್ನು ವಾಚಕರು ಗಮನಿಸಬೇಕು.

ಕಾಶ್ಮೀರದ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. ಅಲ್ಲಿ ಜಂತುಹುಳುವಿನ ಕಾಟ ಬಹಳ. ಎರೆಹುಳುವಿನಂತೆ ಉದ್ದವಾದ ಆ ಬಿಳಿ ಹುಳು ಸಾಧಾರಣವಾಗಿ ಸಣ್ಣ ಕರುಳಿನಲ್ಲಿ ಇರುವದು. ಆದರೆ ಹಾದಿ ಸಿಕ್ಕಿದಲ್ಲಿ ನುಗ್ಗುವದು ಅದರ ಸ್ವಭಾವ. ಪಿತ್ತದ ನಾಳವು ಕರುಳಿಗೆ ತೆರೆಯುವ ಸಣ್ಣ ಬಾಯಿಯಲ್ಲಿ ಅದು ಹೊಕ್ಕು ಮೇಲಕ್ಕೆ ಏರುವದು. ಆಗ ರೋಗಿಯು ಹೊರಳಾಡುವಷ್ಟು ನೋವು ಉಂಟಾಗುವದು. ಹುಳುವು ಅಲ್ಲೇ ಸತ್ತರೆ ಅದರ ತುಂಡುಗಳೂ ತತ್ತಿಗಳೂ ಬೀಜದಂತಾಗಿ ಅವುಗಳ ಸುತ್ತಲೂ ಕಂದು ಕಲ್ಲು ಕಟ್ಟುವದು. ಹೀಗೆ ಪಿತ್ತದ ನಾಳದಲ್ಲಿಯೂ ಮೇದೋಜೀರಕದ ನಾಳದಲ್ಲಿಯೂ ಹುಳು ಹೊಕ್ಕ ಐನೂರು ಮಂದಿ ರೋಗಿಗಳ ಸಂಗತಿಯನ್ನು ಅದೇ ಖುರೂ ಅವರು ೧೯೯೦ರಲ್ಲಿ ಪ್ರಕಟಿಸಿದಾಗ ಹೊರದೇಶದ ವೈದ್ಯರು ಬೆರಗಾದರೆ ಆಶ್ಚರ್ಯವಿಲ್ಲ. ಈ ಒಂದು ಜಾತಿಯ ಕಲ್ಲನ್ನಾದರೂ ನಾವು ಕಕ್ಕಸು, ಸಾಬೂನು, ಶುದ್ಧವಾದ ನೀರು ಇವುಗಳಿಂದ ತಡೆಯಬಹುದು. ಸರಕಾರದವರು ೨೦೧೫ರಿಂದ ಶಾಲೆ ಅಂಗನವಾಡಿಗಳಲ್ಲಿ ಮಕ್ಕಳಿಗೆ ಹುಳುವಿನ ಮಾತ್ರೆಯನ್ನು ಕೊಡಿಸುತ್ತಾರೆ. ಕೆಲವು ತಾಯಂದಿರು ಆ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆಂದು ಕೇಳುತ್ತೇವೆ. ಇದು ಬುದ್ಧಿಯ ಕೆಲಸವಲ್ಲ.

ಹಾಗಾದರೆ ಬೆಟ್ಟದ ಮೇಲೆ ವಾಸಿಸುವದೇ ಕಲ್ಲಿಗೆ ಕಾರಣವೋ? ಹಾಗೆ ಹೇಳಲಾಗದು, ಗಂಗಾನದಿಯ ಬಯಲು ಸೀಮೆಯಲ್ಲಿಯೂ ಈ ಬೇನೆ ಬಹಳವಾಗಿ ಉಂಟು. ಬೆಟ್ಟವು ಮಾಡುವದು ಬೇರೆ ಕೆಲಸ. ಅದು ರೋಗಿಗೂ ಶಸ್ತ್ರವೈದ್ಯನಿಗೂ ನಡುವೆ ನಿಲ್ಲುತ್ತದೆ. ಹಿಮಾಚಲ ಪ್ರದೇಶದ ಲಾಹೂಲ್ ಸೀಮೆಯನ್ನು ನೋಡಿರಿ. ೨೦೨೦ನೇ ಅಕ್ಟೋಬರಿನಲ್ಲಿ ಒಂಬತ್ತು ಕಿಲೋಮೀಟರ್ ಉದ್ದದ ಸುರಂಗಮಾರ್ಗವು ತೆರೆಯುವ ತನಕ ಅಲ್ಲಿಯವರಿಗೆ ರೋಹ್ತಾಂಗ್ ಕಣಿವೆಯೇ ಮನಾಲಿಗೆ ಹೋಗುವ ದಾರಿಯಾಗಿತ್ತು. ಹಿಮ ಬಿದ್ದರೆ ತಿಂಗಳುಗಟ್ಟಳೆ ಅದು ಮುಚ್ಚಿಹೋಗುವದು. ಆಗ ಪಿತ್ತದ ನಾಳದಲ್ಲಿ ಕಲ್ಲು ಸಿಕ್ಕಿಕೊಂಡ ರೋಗಿಯು ಹೆಲಿಕಾಪ್ಟರಿನ ದಾರಿ ಕಾಯಬೇಕಾಗಿತ್ತು; ಅದೂ ಆಕಾಶವು ತಿಳಿಯಾದ ದಿನ ಮಾತ್ರ. ಕಾಶ್ಮೀರದ ಗುರೇಜ್ ಕಣಿವೆಯ ದಾರಿಯನ್ನು ಇಂದಿಗೂ ಚಳಿಗಾಲದ ಹಿಮವು ಮುಚ್ಚುತ್ತದೆ. ಗಢ್ವಾಲ್ ಕುಮಾವೂಂ ಸೀಮೆಗಳ ಅನೇಕ ಹಳ್ಳಿಗಳಿಂದ ರೋಗಿಯನ್ನು ಕುರ್ಚಿಗೋ ಡೋಲಿಗೋ ಕಟ್ಟಿ ನಾಲ್ಕು ಮಂದಿ ಹೊತ್ತು ಮೋಟಾರು ದಾರಿಯ ತನಕ ಇಳಿಸಬೇಕು. ಹೊರುವ ಪ್ರಾಯದ ಗಂಡಸರು ಕೆಲಸಕ್ಕಾಗಿ ಬಯಲು ಸೀಮೆಯ ಪಟ್ಟಣಗಳಿಗೆ ಹೋಗಿಬಿಟ್ಟಿರುವ ಊರುಗಳಲ್ಲಿ ಆ ನಾಲ್ವರೂ ಸಿಕ್ಕುವದು ಕಷ್ಟ. ನಮ್ಮ ಮಲೆ ಮಹದೇಶ್ವರ ಬೆಟ್ಟದ ಕಾಡುಹಳ್ಳಿಗಳಿಂದ ಡೋಲಿಯಲ್ಲಿ ರೋಗಿಗಳನ್ನು ಹೊತ್ತು ತರುವದನ್ನು ಬಲ್ಲ ವಾಚಕರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಈಗ ಬೇನೆಯ ಗುರುತುಗಳನ್ನು ಹೇಳುವೆವು. ಕಲ್ಲಿರುವವರಲ್ಲಿ ಬಹುಮಂದಿಗೆ, ಐವರಲ್ಲಿ ನಾಲ್ವರಷ್ಟು, ಜೀವಮಾನದಲ್ಲಿ ಯಾವ ತೊಂದರೆಯೂ ಆಗದು. ಬೇರೆ ಕಾರಣಕ್ಕಾಗಿ ಸ್ಕ್ಯಾನ್ ಮಾಡಿಸಿದಾಗ ಅದು ಕಂಡುಬಂದರೆ ಹೆದರಿ ಒಡನೆ ಹೊಟ್ಟೆ ಕೊಯ್ಯಿಸಿಕೊಳ್ಳುವದು ಸಾಮಾನ್ಯವಾಗಿ ಬೇಕಾಗಿಲ್ಲ. ಕಲ್ಲು ಇದೆ ಎಂಬ ಒಂದೇ ಮಾತಿನ ಮೇಲೆ ಶಸ್ತ್ರಕ್ರಿಯೆಗೆ ಅವಸರಪಡಿಸುವವರ ಬಳಿಯಲ್ಲಿ, ನೋವೇ ಇಲ್ಲದ ನನಗೆ ಇದು ಏತಕ್ಕೆ ಬೇಕೆಂದು ಕೇಳುವ ಹಕ್ಕು ರೋಗಿಗೆ ಇದೆ.

ಆದರೆ ನೋವು ಒಂದು ಸಾರಿ ಬಂತೆಂದರೆ ಲೆಕ್ಕ ಬೇರೆ. ಅದು ಹೆಚ್ಚಾಗಿ ಊಟವಾದ ಮೇಲೆ, ರಾತ್ರಿಯಲ್ಲಿ, ಬಲಗಡೆಯ ಪಕ್ಕೆಲುಬಿನ ಕೆಳಗೆ ಅಥವಾ ಎದೆಗುಳಿಯಲ್ಲಿ ಏಳುವದು. ಬೆನ್ನಿಗೂ ಬಲಗಡೆಯ ಹೆಗಲೆಲುಬಿಗೂ ಹರಿಯುವದು. ಬೇಧಿಯ ನೋವಿನ ಹಾಗೆ ಬಂದು ಬಂದು ಹೋಗದೆ ಅರ್ಧ ಗಂಟೆಯಿಂದ ಕೆಲವು ಗಂಟೆಗಳ ತನಕ ಒಂದೇ ಸಮನೆ ನಿಲ್ಲುವದು. ವಾಂತಿಯಾಗುವದು, ಬೆವರುವದು. ಕಾಶ್ಮೀರದ ಮದುವೆಗಳಲ್ಲಿ ವಾಜ್ವಾನ್ ಎಂಬ ಕುರಿಮಾಂಸದ ದೊಡ್ಡ ಔತಣ ನಡೆಯುವದು. ಅಂಥ ಊಟದ ರಾತ್ರಿಯಲ್ಲಿ ಈ ನೋವು ಏಳುವದಕ್ಕೆ ಕಾರಣವೇನೆಂದು ಮೇಲೆ ಹೇಳಿದ್ದರಿಂದಲೇ ವಾಚಕರು ತಿಳಿದುಕೊಳ್ಳುವರು. ಚೀಲವು ಬಲವಾಗಿ ಮುದುಡುವಾಗ ಕಲ್ಲು ಅದರ ಕೊರಳಿನಲ್ಲಿ ಸಿಕ್ಕಿಕೊಳ್ಳುವದು. ವಯಸ್ಸಾದವರಲ್ಲಿ ಎದೆಗುಳಿಯ ನೋವು ಹೃದಯದ್ದೂ ಆಗಿರಬಹುದು. ಆದುದರಿಂದ ಅದನ್ನು ಮನೆಯಲ್ಲೇ ಕುಳಿತು ವಾಯು, ಪಿತ್ತ, ಗ್ಯಾಸ್ಟ್ರಿಕ್ ಎಂದು ತೀರ್ಮಾನಿಸಿಬಿಡಬಾರದು.

ಮೋಸವಿರುವದು ಮುಂದಿನ ಸಂಗತಿಯಲ್ಲಿ. ಕಲ್ಲು ಹಿಂದಕ್ಕೆ ಜಾರಿದರೆ ನೋವು ತಾನಾಗಿಯೇ ನಿಂತುಬಿಡುವದು. ಆ ಹೊತ್ತಿನಲ್ಲಿ ಯಾವ ಕಷಾಯವನ್ನು ಕುಡಿದಿದ್ದರೋ, ಯಾವ ಎಣ್ಣೆಯನ್ನು ತಿಕ್ಕಿದ್ದರೋ, ಯಾರಿಂದ ದಾರ ಕಟ್ಟಿಸಿಕೊಂಡಿದ್ದರೋ, ಗುಣವಾದ ಹೆಸರು ಅದಕ್ಕೆ ಹೋಗುವದು. ಬೆಳಿಗ್ಗೆ ಮನೆಯಾಕೆ ಎದ್ದು ಎಂದಿನಂತೆ ಹುಲ್ಲಿಗೆ ಹೋಗುವಳು. ಮನೆಯವರೂ ನೋವು ಹೋಯಿತಲ್ಲ, ಇನ್ನೇನು ಎಂದು ಸುಮ್ಮನಾಗುವರು. ಎರಡನೆಯ ಸಾರಿ ಬರುವದಕ್ಕೆ ವಾರವಾಗಬಹುದು, ವರುಷವಾಗಬಹುದು. ಗುಡ್ಡಗಾಡಿನಲ್ಲಿ ಹೆಂಗಸು ಎರಡು ದಿನ ಹಾಸಿಗೆ ಹಿಡಿದರೆ ದನಕ್ಕೆ ಮೇವಿಲ್ಲ, ಒಲೆಗೆ ಸೌದೆಯಿಲ್ಲ. ಆದುದರಿಂದ ಅವಳೇ ತನ್ನ ನೋವನ್ನು ಮೊದಲು ಬಚ್ಚಿಡುವಳು. ಹೀಗೆ ಬಚ್ಚಿಟ್ಟ ನೋವುಗಳ ತರುವಾಯ ಬರುವ ಒಂದು ನೋವು ಬಿಡದು. ಆರು ಗಂಟೆ ದಾಟಿಯೂ ನಿಲ್ಲದೆ ಜ್ವರವೂ ಕೂಡಿದರೆ ಪಿತ್ತಕೋಶವು ಉರಿಗೊಂಡು ಊದಿದೆಯೆಂದು ಅರ್ಥ. ಅದರಲ್ಲಿ ಕೀವು ತುಂಬಬಹುದು, ಅದು ಕೊಳೆತು ಒಡೆಯಬಹುದು. ಕಲ್ಲು ಕೊರಳನ್ನು ದಾಟಿ ದೊಡ್ಡ ನಾಳದಲ್ಲಿ ಸಿಕ್ಕಿಕೊಂಡರೆ ಕಣ್ಣು ಮೈ ಹಳದಿಯಾಗಿ, ಮೂತ್ರ ಕಪ್ಪಾಗಿ, ಮಲ ಬಿಳುಚಿ, ಮೈ ತುರಿಸುವದು. ಇದನ್ನು ಬರೇ ಕಾಮಾಲೆಯೆಂದು ತಿಳಿದು ಸೊಪ್ಪಿನ ಮದ್ದು ಕೊಡುತ್ತಾ ಪಥ್ಯದಲ್ಲಿ ಇಡುವದುಂಟು. ನೋವು, ನಡುಗಿಸುವ ಚಳಿಜ್ವರ, ಹಳದಿ ಕಣ್ಣು ಈ ಮೂರೂ ಕೂಡಿದರೆ ನಾಳದಲ್ಲಿ ಸೋಂಕು ಏರಿದೆ. ಪ್ಯಾರಿಸ್ ಪಟ್ಟಣದ ವೈದ್ಯನಾದ ಶಾರ್ಕೊ ಎಂಬವನು ೧೮೭೭ರಲ್ಲೇ ಈ ಮೂರರ ಕೂಟವನ್ನು ಗುರುತಿಸಿಟ್ಟನು. ಅಂಥ ರೋಗಿಗೆ ನಾಳೆ ನೋಡೋಣ ಎಂಬ ಮಾತು ಸಲ್ಲದು. ಅದೇ ಕಲ್ಲು ಇನ್ನೂ ಕೆಳಗೆ ಮೇದೋಜೀರಕದ ಬಾಯಿಯನ್ನು ಕಟ್ಟಿದರೆ ಆ ಅಂಗವು ತನ್ನ ರಸದಿಂದ ತಾನೇ ಬೇಯುವದು. ಅದರಿಂದಲೂ ಅನೇಕರು ಸಾಯುತ್ತಾರೆ.

ಮದ್ದಿನ ವಿಷಯಕ್ಕೆ ಬರುವೆವು. ಉತ್ತರಾಖಂಡದ ಬೆಟ್ಟದವರು ಗಹತ್ ಎಂಬ ಬೇಳೆಯ ಸಾರು ಕಲ್ಲನ್ನು ಕರಗಿಸುವದೆಂದು ನಂಬುತ್ತಾರೆ. ಗಹತ್ ಎಂದರೆ ನಮ್ಮ ಹುರುಳಿಯೇ. ನಮ್ಮಲ್ಲಿಯೂ ಹುರುಳಿಕಟ್ಟು, ಬಾಳೆದಿಂಡಿನ ರಸ ಎಂದು ಹೇಳುವರಷ್ಟೆ. ಇವು ಮೂತ್ರದ ಕಲ್ಲಿಗೆ ಹೇಳಿದ ಮನೆಮದ್ದುಗಳು. ಮೂತ್ರಪಿಂಡ ಬೇರೆ, ಪಿತ್ತಕೋಶ ಬೇರೆ. ಅಲ್ಲಿಯ ಕಲ್ಲು ಬೇರೆ, ಇಲ್ಲಿಯ ಕಲ್ಲು ಬೇರೆ. ಹುರುಳಿಯ ಸಾರು ಒಳ್ಳೇ ಊಟ, ಸಂತೋಷದಿಂದ ತಿನ್ನಿರಿ. ಆದರೆ ಪಿತ್ತಕೋಶದ ಕಲ್ಲು ಅದರಿಂದ ಹೋಗದು. ಇನ್ನು ಕೆಲವರು ಆಲಿವ್ ಎಣ್ಣೆಯನ್ನೂ ಲಿಂಬೆರಸವನ್ನೂ ಕುಡಿಸಿ, ಮರುದಿನ ಮಲದಲ್ಲಿ ಬೀಳುವ ಹಸುರು ಗುಂಡುಗಳನ್ನು ತೋರಿಸಿ ಕಲ್ಲು ಬಿತ್ತೆಂದು ಸಾರುತ್ತಾರೆ. ಅವನ್ನು ಪರೀಕ್ಷಿಸಿ ನೋಡಿದವರು ಅವು ಕಲ್ಲಲ್ಲ, ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸಾಬೂನಾಗಿ ಕಟ್ಟಿದ ಗುಂಡುಗಳೆಂದು ಕಂಡುಕೊಂಡಿದ್ದಾರೆ. ಹೊಟ್ಟೆಯ ಮೇಲೆ ಬಾಯಿಟ್ಟು ಹೀರಿ ಕಲ್ಲನ್ನು ಉಗುಳಿ ತೋರಿಸುವವರ ವಿಷಯವಾಗಿ ಏನು ಹೇಳೋಣ? ಚರ್ಮದಲ್ಲಿ ತೂತಿಲ್ಲದೆ ಕಲ್ಲು ಹೊರಗೆ ಬರುವದಾದರೆ ಅದು ಮೊದಲೇ ಆತನ ಬಾಯಲ್ಲಿ ಇತ್ತೆಂದು ಚಿಕ್ಕ ಮಕ್ಕಳೂ ಹೇಳಿಯಾರು. ವೈದ್ಯರಲ್ಲಿ ಕಲ್ಲು ಕರಗಿಸುವ ಮಾತ್ರೆಯೊಂದು ನಿಜವಾಗಿಯೂ ಇದೆ. ಆದರೆ ಅದು ಕೊಲೆಸ್ಟರಾಲಿನ ಸಣ್ಣ ಕಲ್ಲುಗಳಿಗೆ ಮಾತ್ರ, ತಿಂಗಳುಗಟ್ಟಳೆ ತಿನ್ನಬೇಕು, ಮತ್ತು ಅರ್ಧದಷ್ಟು ಮಂದಿಗೆ ಐದು ವರುಷದೊಳಗೆ ಕಲ್ಲು ಪುನಃ ಕಟ್ಟುವದು.

ನೋವು ಕೊಡುವ ಕಲ್ಲಿಗೆ ನೆಲೆಯಾದ ಚಿಕಿತ್ಸೆಯು ಚೀಲವನ್ನೇ ತೆಗೆದುಹಾಕುವದು. ಕಲ್ಲನ್ನು ಮಾತ್ರ ತೆಗೆದು ಚೀಲವನ್ನು ಬಿಟ್ಟರೆ ಅದು ಮತ್ತೆ ಕಟ್ಟುವದು. ಇದನ್ನು ಮೊದಲು ಕಂಡವನು ಬರ್ಲಿನ್ ಪಟ್ಟಣದ ಕಾರ್ಲ್ ಲಾಂಗೆನ್‌ಬುಖ್. ಆತನು ದಿಯಾಕೊನೆಸ್ ಸಹೋದರಿಯರು ನಡಿಸುತ್ತಿದ್ದ ಲಾಜರ ಆಸ್ಪತ್ರೆಯ ಶಸ್ತ್ರವೈದ್ಯನು. ಹೆಣಗಳ ಮೇಲೆ ಕೆಲವು ವರುಷ ಅಭ್ಯಾಸ ಮಾಡಿ, ೧೮೮೨ನೇ ಜುಲಾಯಿ ೧೫ರಂದು, ಹದಿನಾರು ವರುಷ ಈ ನೋವಿನಿಂದ ಬಳಲಿ ಮೊರ್ಫಿನ್ನಿಗೆ ದಾಸನಾಗಿದ್ದ ೪೩ ವಯಸ್ಸಿನ ಒಬ್ಬ ಮನುಷ್ಯನ ಪಿತ್ತಕೋಶವನ್ನು ತೆಗೆದನು. ಆ ರೋಗಿಯು ಮರುದಿನವೇ ಚುಟ್ಟಾ ಸೇದುತ್ತಾ ಕುಳಿತಿದ್ದನಂತೆ! ಅದೇ ೧೮೮೨ರಲ್ಲಿ ಆರ್ಥರ್ ನೀವ್ ಎಂಬ ವೈದ್ಯನು ಶ್ರೀನಗರದ ಮಿಶನ್ ಆಸ್ಪತ್ರೆಗೆ ಬಂದನು. ೧೮೬೫ರಲ್ಲಿ ಡಾಕ್ಟರ್ ಎಲ್ಮ್ಸ್ಲೀ ಆರಂಭಿಸಿದ ಆ ಕೆಲಸವನ್ನು ಆರ್ಥರ್ ನೀವನೂ ಆತನ ತಮ್ಮನಾದ ಅರ್ನೆಸ್ಟನೂ ಬೆಳೆಸಿ, ಬೆಟ್ಟದ ಜನರಿಗೆ ಶಸ್ತ್ರಚಿಕಿತ್ಸೆಯೆಂದರೇನೆಂದು ತೋರಿಸಿದರು. ಚಳಿಗೆ ಕೆಂಡದ ಬುಟ್ಟಿಯನ್ನು ಹೊಟ್ಟೆಗೆ ಅವಚಿಕೊಳ್ಳುವದರಿಂದ ಕಾಶ್ಮೀರದವರ ಚರ್ಮಕ್ಕೆ ಬರುತ್ತಿದ್ದ ಹುಣ್ಣಿನ ಕ್ಯಾನ್ಸರನ್ನು ಲೋಕಕ್ಕೆ ತಿಳಿಸಿದವರೂ ಅಲ್ಲಿಯ ವೈದ್ಯರೇ.

ಲಾಂಗೆನ್‌ಬುಖನ ಕ್ರಮದಲ್ಲಿ ಹೊಟ್ಟೆಯನ್ನು ಉದ್ದಕ್ಕೆ ಸೀಳಬೇಕಾಗಿತ್ತು. ನೂರಮೂರು ವರುಷಗಳ ತರುವಾಯ, ೧೯೮೫ನೇ ಸೆಪ್ಟೆಂಬರ್ ೧೨ರಂದು, ಎರಿಖ್ ಮ್ಯೂಹೆ ಎಂಬವನು ಸಣ್ಣ ತೂತಿನ ಮೂಲಕ ದುರ್ಬೀನಿನ ನಳಿಕೆಯನ್ನು ಇಳಿಸಿ ಪಿತ್ತಕೋಶವನ್ನು ತೆಗೆದನು. ಇದು ನಡೆದದ್ದು ಬ್ಯೋಬ್ಲಿಂಗೆನ್ ಎಂಬ ಊರಲ್ಲಿ. ಮಂಗಳೂರು ಸಮಾಚಾರವನ್ನು ೧೮೪೩ರಲ್ಲಿ ಆರಂಭಿಸಿದ ಮೊಗ್ಲಿಂಗ್ ಅಯ್ಯನವರು ಹುಟ್ಟಿದ ವುರ್ಟೆಂಬರ್ಗ್ ಸೀಮೆಯದೇ ಆ ಊರು. ಆತನ ಜತೆಯ ವೈದ್ಯರು ಮೊದಲು ನಕ್ಕರು. ೧೯೯೨ರಲ್ಲಿ ಆ ದೇಶದ ಶಸ್ತ್ರವೈದ್ಯರ ಸಂಘವೇ ಆತನಿಗೆ ಮಾನಮಾಡಿತು. ನಮ್ಮ ದೇಶದಲ್ಲಿ ಈ ಕ್ರಮದಿಂದ ಪಿತ್ತಕೋಶವನ್ನು ಮೊದಲು ತೆಗೆದವರು ಮುಂಬಯಿಯ ಡಾಕ್ಟರ್ ತೆಹೆಮ್ಟನ್ ಉದ್ವಾಡಿಯಾ, ೧೯೯೦ರಲ್ಲಿ. ಈಗ ಅದು ಜಿಲ್ಲೆಯ ಊರುಗಳಿಗೂ ಬಂದಿದೆ. ರೋಗಿಯು ಒಂದೆರಡು ದಿನದಲ್ಲಿ ಮನೆಗೆ ಹೋಗುವನು. ಹೊರೆ ಹೊತ್ತು ಬದುಕುವವರಿಗೆ ಇದು ಎಂಥ ಉಪಕಾರವೆಂದು ಹೇಳಬೇಕಾಗಿಲ್ಲ. ಆದರೂ ಇದು ಆಟವಲ್ಲ. ಪಿತ್ತದ ದೊಡ್ಡ ನಾಳವು ಪಕ್ಕದಲ್ಲೇ ಇರುವದರಿಂದ ಸಾವಿರಕ್ಕೆ ಮೂರು ನಾಲ್ಕು ಮಂದಿಯಲ್ಲಿ ಅದಕ್ಕೆ ಪೆಟ್ಟಾಗುವದುಂಟು. ಇಂಗ್ಲೆಂಡಿನ ಮಂತ್ರಿಯಾಗಿದ್ದ ಆಂಥೊನಿ ಈಡನ್‌ಗೆ ೧೯೫೩ರಲ್ಲಿ ಲಂಡನಿನಲ್ಲೇ ಹಾಗಾಗಿ, ಆತನು ಅಮೇರಿಕದ ಬೋಸ್ಟನ್ನಿಗೆ ಹೋಗಿ ಪುನಃ ಕೊಯ್ಯಿಸಿಕೊಳ್ಳಬೇಕಾಯಿತು. ಆದುದರಿಂದ ಈ ಕೆಲಸದಲ್ಲಿ ಕೈ ಪಳಗಿದವರ ಬಳಿಗೆ ಹೋಗುವದು ಒಳ್ಳೇದು. ಕಲ್ಲು ನಾಳದಲ್ಲೇ ಇದ್ದರೆ ಬಾಯಿಯ ಮೂಲಕ ನಳಿಕೆಯನ್ನು ಇಳಿಸಿ ಅದನ್ನು ತೆಗೆಯುವ ಕ್ರಮವೂ ಉಂಟು; ಆದರೆ ಆ ಸೌಕರ್ಯವು ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಇರುವದು.

ಚೀಲವಿಲ್ಲದೆ ಬದುಕುವದು ಹೇಗೆಂದು ಕೆಲವರು ಕೇಳುತ್ತಾರೆ. ಪಿತ್ತರಸವನ್ನು ಮಾಡುವದು ಯಕೃತ್ತು. ಚೀಲವು ಕಣಜ ಮಾತ್ರ. ಕಣಜ ಹೋದರೂ ಗದ್ದೆ ಉಳಿದಿದೆ. ರಸವು ನೇರವಾಗಿ ಕರುಳಿಗೆ ಹರಿಯುವದು. ಕೆಲವರಿಗೆ ಸ್ವಲ್ಪ ಕಾಲ ಮಲ ಸಡಿಲವಾಗುವದನ್ನು ಬಿಟ್ಟರೆ ಊಟಕ್ಕೂ ಕೆಲಸಕ್ಕೂ ತಡೆಯಿಲ್ಲ.

ಇಲ್ಲಿ ನಮ್ಮ ಅಭಿಪ್ರಾಯವನ್ನು ಬಿಚ್ಚಿ ಹೇಳುವೆವು. ಗುಡ್ಡಗಾಡಿನವರಿಗೆ ಒಂದು ಸಾರಿ ನೋವು ಬಂದು ಸ್ಕ್ಯಾನಿನಲ್ಲಿ ಕಲ್ಲು ಕಂಡುಬಂದರೆ, ನೋವಿಲ್ಲದ ದಿನಗಳಲ್ಲಿಯೇ, ದಾರಿ ತೆರೆದಿರುವ ಕಾಲದಲ್ಲಿಯೇ, ಶಸ್ತ್ರಕ್ರಿಯೆಯನ್ನು ಮಾಡಿಸಿಕೊಳ್ಳಬೇಕು. ಹಿಮಾಲಯದವರಿಗೆ ಅದು ಹಿಮ ಬೀಳುವದಕ್ಕೆ ಮುಂಚೆ. ನಮ್ಮ ಮಲೆನಾಡಿನವರಿಗೆ ಮಳೆ ಹಿಡಿಯುವದಕ್ಕೆ ಮುಂಚೆ. ಪಟ್ಟಣದವನು ಎರಡನೆಯ ನೋವಿನ ತನಕ ಕಾದರೂ ಅರ್ಧ ಗಂಟೆಯಲ್ಲಿ ಆಸ್ಪತ್ರೆಯನ್ನು ಸೇರುವನು. ಬೆಟ್ಟದವಳಿಗೆ ಆ ಸಲಿಗೆ ಇಲ್ಲ. ಹಣದ ಮಾತಿಗೆ, ೨೦೧೮ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರುಷಕ್ಕೆ ಐದು ಲಕ್ಷ ರೂಪಾಯಿಯ ತನಕ ಆಸ್ಪತ್ರೆಯ ವೆಚ್ಚ ದೊರೆಯುವದು, ಅದರಲ್ಲಿ ಪಿತ್ತಕೋಶದ ಶಸ್ತ್ರಕ್ರಿಯೆಯೂ ಸೇರಿದೆ. ಕಾರ್ಡನ್ನು ನೋವು ಬಂದ ರಾತ್ರಿಯಲ್ಲಿ ಹುಡುಕಬಾರದು.

ದಕ್ಷಿಣ ಅಮೇರಿಕದ ಚಿಲಿ ದೇಶದವರು ಇದರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಆಂಡಿಸ್ ಪರ್ವತಕ್ಕೂ ಸಮುದ್ರಕ್ಕೂ ನಡುವೆ ವಾಸಿಸುವ ಮಪೂಚೆ ಎಂಬ ಮೂಲಜನರಲ್ಲಿ ಪಿತ್ತದ ಕಲ್ಲು ಬಹಳ. ೧೯೯೮ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಅದು ಕಂಡಿತು. ಇದರಲ್ಲಿ ವಂಶದ ಗುಣವೂ ಸೇರಿದೆ. ೨೦೦೭ರಲ್ಲಿ ಚಿಲಿಯ ಮತ್ತು ಜರ್ಮನಿಯ ರೋಗಿಗಳನ್ನು ಪರೀಕ್ಷಿಸಿದವರು ಕೊಲೆಸ್ಟರಾಲನ್ನು ಪಿತ್ತಕ್ಕೆ ಹೆಚ್ಚಾಗಿ ದಬ್ಬುವ ಒಂದು ವಂಶಬೀಜವನ್ನು ಎರಡೂ ಕಡೆಯಲ್ಲಿ ಕಂಡರು. ಬಹುಕಾಲ ಕಲ್ಲು ಉಜ್ಜಿದ ಪಿತ್ತಕೋಶದಲ್ಲಿ ಕ್ಯಾನ್ಸರ್ ಹುಟ್ಟುವ ಭಯ ಹೆಚ್ಚು. ಚಿಲಿಯಲ್ಲಿಯೂ ನಮ್ಮ ಗಂಗಾನದಿಯ ಸೀಮೆಯಲ್ಲಿಯೂ ಆ ಕ್ಯಾನ್ಸರ್ ಲೋಕದ ಬೇರೆ ಕಡೆಗಳಿಗಿಂತ ಬಹಳವಾಗಿದೆ. ಅದು ಗೊತ್ತಾಗುವಾಗ ಹೆಚ್ಚಾಗಿ ಕಾಲ ಮಿಂಚಿರುವದು. ಆದಕಾರಣ ಚಿಲಿಯ ಸರಕಾರವು ೨೦೦೬ರಿಂದ ಮೂವತ್ತೈದರಿಂದ ನಾಲ್ವತ್ತೊಂಬತ್ತು ವಯಸ್ಸಿನೊಳಗಿನ, ನೋವು ಕಂಡ ಕಲ್ಲಿನ ರೋಗಿಗಳಿಗೆ ಪಿತ್ತಕೋಶವನ್ನು ತೆಗೆಸಿಕೊಳ್ಳುವ ಹಕ್ಕನ್ನು ಕಾನೂನಿನಿಂದಲೇ ಕೊಟ್ಟಿದೆ.

ನಮ್ಮ ದಕ್ಷಿಣದ ಬೆಟ್ಟಗಳ ವಿಷಯವಾಗಿ ಒಂದು ಮಾತು. ನೀಲಗಿರಿಯ ಬೆಟ್ಟದ ಜನರಲ್ಲಿ ಕುಡುಗೋಲಿನಂತೆ ಬಾಗುವ ರಕ್ತಕಣದ ಗುಣವಿದೆಯೆಂದು ೧೯೫೨ರಲ್ಲಿ ಲೇಮನ್, ಕಟ್‌ಬುಶ್ ಎಂಬವರು ತೋರಿಸಿದರು. ಅದನ್ನು ಸಿಕಲ್ ಸೆಲ್ ಎನ್ನುತ್ತಾರೆ. ನಮ್ಮ ಸೋಲಿಗರಲ್ಲಿಯೂ ಜೇನುಕುರುಬರಲ್ಲಿಯೂ ಅದು ಉಂಟು. ಈ ಬೇನೆಯ ಮಕ್ಕಳ ಕೆಂಪು ಕಣಗಳು ಬೇಗನೆ ಒಡೆಯುವದರಿಂದ ಅವರಿಗೆ ಕಪ್ಪು ಕಲ್ಲು ಚಿಕ್ಕ ಪ್ರಾಯದಲ್ಲೇ ಕಟ್ಟುವದು. ಹತ್ತು ಹನ್ನೆರಡು ವಯಸ್ಸಿನ ಮಗುವು ಹೊಟ್ಟೆಯ ಬಲಗಡೆಯನ್ನು ಹಿಡಿದುಕೊಂಡು ಅತ್ತರೆ, ಕಣ್ಣು ಹಳದಿಯಾಗಿದ್ದರೆ, ಇಷ್ಟು ಚಿಕ್ಕವರಿಗೆ ಕಲ್ಲೆಲ್ಲಿಂದ ಬಂತೆಂದು ತಳ್ಳಿಹಾಕದೆ ರಕ್ತವನ್ನೂ ಹೊಟ್ಟೆಯನ್ನೂ ಪರೀಕ್ಷೆ ಮಾಡಿಸಬೇಕು. ಈ ರಕ್ತದ ಪರೀಕ್ಷೆಗಾಗಿ ಕೇಂದ್ರ ಸರಕಾರವು ೨೦೨೩ನೇ ಜುಲಾಯಿಯಲ್ಲಿ ದೊಡ್ಡ ಏರ್ಪಾಡೊಂದನ್ನು ಆರಂಭಿಸಿತು.

ಕಡೆಯದಾಗಿ ಒಂದು ಕಾಗದದ ಮಾತು ಉಳಿದಿದೆ. ತೆಗೆದ ಪಿತ್ತಕೋಶದ ಕಲ್ಲುಗಳನ್ನು ಸೀಸೆಯಲ್ಲಿ ಹಾಕಿ ಮನೆಯವರಿಗೆ ತೋರಿಸುವದು ಅನೇಕ ಆಸ್ಪತ್ರೆಗಳ ವಾಡಿಕೆ. ನೆರೆಯವರಿಗೆ ತೋರಿಸುವದಕ್ಕೆ ಅದನ್ನು ಊರಿಗೆ ತರುವವರೂ ಉಂಟು. ಆದರೆ ಚೀಲದ ಚರ್ಮವನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿ, ಅದರಲ್ಲಿ ಕ್ಯಾನ್ಸರಿನ ಗುರುತು ಇದೆಯೋ ಇಲ್ಲವೋ ಎಂದು ಬರೆದ ವರದಿಯು ಸಾಧಾರಣವಾಗಿ ಒಂದು ವಾರದ ಮೇಲೆ ಬರುವದು. ಅಷ್ಟರೊಳಗೆ ರೋಗಿಯು ಬೆಟ್ಟ ಹತ್ತಿ ಮನೆಗೆ ಹೋಗಿ ಆಗಿರುವದು. ಆದುದರಿಂದ ಹೊರಡುವ ದಿನವೇ ಆ ಪರೀಕ್ಷೆಗೆ ಚೀಲವನ್ನು ಕಳುಹಿಸಿದ್ದಾರೋ ಎಂದು ಕೇಳಿ, ವರದಿ ಬರುವ ತಾರೀಖನ್ನು ಬರೆಯಿಸಿಕೊಂಡು, ಪೇಟೆಗೆ ಹೋಗಿಬರುವ ಯಾರನ್ನಾದರೂ ಆ ತಾರೀಖಿಗೆ ಕಳುಹಿಸಿ ಅದನ್ನು ತರಿಸಿಕೊಂಡು ವೈದ್ಯನಿಂದ ಓದಿಸಬೇಕು.